ಮೂರು ಮನೆಯ ಅನ್ನ

ಮುಚ್ಚಳ ತೆಗೆದು ಬಕೆಟ್ಟಿಗೆ ಕೈ ಹಾಕಿದ ಬುವಾಫನ್‌ಗೆ ತಳದ ಪ್ಲಾಸ್ಟಿಕ್ಕೇ ಸಿಕ್ಕಿತು. ನೀರಿಲ್ಲ, ಅಕ್ಕಿಯೂ ಇಲ್ಲ. ಪಕ್ಕದ ಬಕೆಟ್ಟನ್ನೂ ನೋಡಿದಳು. ಅದರಲ್ಲಿ ಪಾತ್ರೆ ತಿಕ್ಕುವ ನಾರು ಬಿದ್ದಿತ್ತು. ಅಕ್ಕಿಯ ಚೀಲ ನಿನ್ನೆ ಬಾಯಿ ಕಟ್ಟಿದ್ದ ಹಾಗೆಯೇ ಗೋಡೆಗೆ ಒರಗಿ ಕೂತಿತ್ತು.

"ಸುಲಿಸಕ್," ಎಂದು ಕರೆದಳು. ದನಿ ಏರಿಸಲಿಲ್ಲ. ಬುವಾಫನ್ ದನಿ ಏರಿಸದಿದ್ದಾಗಲೇ ನಮ್ಮ ಬೀದಿಯವರು ಹೆದರುವುದು.

ಹಿತ್ತಲಲ್ಲಿ ಮೀನಿನ ಹೊಟ್ಟೆಗೆ ನಿಂಬೆಹುಲ್ಲು ತುರುಕುತ್ತಿದ್ದ ಹುಡುಗ ಉಪ್ಪಿನ ಕೈಯಲ್ಲೇ ಓಡಿ ಬಂದ. ಖಾಲಿ ಬಕೆಟ್ಟು ನೋಡಿದ. ತಪ್ಪು ಮಾಡಿದಾಗ ಮೊದಲು ಕೆಂಪಾಗುವುದು ಅವನ ಕಿವಿ. ಎರಡೂ ಕೆಂಪಾದವು.

"ನಿನ್ನೆ ಸಂಜೆ ಏನಂದೆ ನೀನು?"

"ನಾನು ನೆನೆಸ್ತೀನಿ, ನೀವು ಹೋಗಿ ಮಲಕ್ಕೊಳ್ಳಿ ಅಂದೆ."

"ಆಮೇಲೆ?"

"ದೋಣಿಯವರ ಹತ್ರ ಮೀನು ಹೇಳೋಕೆ ನದಿ ಕಡೆ ಹೋದೆ, ಅತ್ತೆ. ಅಮ್ಮನಿಗೆ ದೊಡ್ಡ ಮೀನೇ ಆಗಬೇಕು ಅಂತ. ಅಲ್ಲೇ ಹೊತ್ತಾಯ್ತು. ಮರೆತೇಹೋಯ್ತು."

ನಮ್ಮ ಅಂಟಕ್ಕಿ ರಾತ್ರಿಯಿಡೀ ನೀರಲ್ಲಿ ಮಲಗದೆ ಬೇಯುವುದಿಲ್ಲ. ನೆನೆಯದ ಅಕ್ಕಿಯನ್ನು ಹಬೆಯಲ್ಲಿಟ್ಟರೆ ಹೊರಗೆ ಅಂಟು, ಒಳಗೆ ಕಲ್ಲು. ಆಗಲೇ ಗಂಟೆ ಹತ್ತು ದಾಟಿತ್ತು. ಬಿಸಿನೀರಿಗೆ ಸುರಿದರೂ ಕೆಲಸ ಆಗುವಂತಿರಲಿಲ್ಲ. ಪಾಕ್ಸಾನ್‌ನಿಂದ ಹೊರಟ ಬಸ್ಸು ದಾರಿಯಲ್ಲಿತ್ತು. ಅದರಲ್ಲಿ ಸುಲಿಸಕ್‌ನ ತಾಯಿ ಕೇವ್ಮನಿ ಇದ್ದಳು.

ಕೇವ್ಮನಿ ಸುಮ್ಮನೆ ಬರುತ್ತಿರಲಿಲ್ಲ. ನಮ್ಮೂರು ಥಾಖೆಕ್‌ಗೆ ಕಟ್ಟಡದ ಕೆಲಸಕ್ಕೆಂದು ಬಂದ ಅವಳ ಒಬ್ಬನೇ ಮಗ, ಬುವಾಫನ್‌ಳ ಈ ಪುಟ್ಟ ಹೋಟೆಲಿಗೆ ಊಟಕ್ಕೆ ಬಂದು, ಊಟ ಮುಗಿಸಿ ಒಲೆಯ ಮುಂದೆ ನಿಂತವನು ಅಲ್ಲೇ ಉಳಿದುಬಿಟ್ಟಿದ್ದ. ಒಲೆಯ ಆಚೆ ಮಲಿವನ್ ಇದ್ದಳಲ್ಲ, ಅದಕ್ಕೆ. ಮಲಿವನ್ ಬುವಾಫನ್‌ಳ ಕಿರಿಯ ಮಗಳು. ಕಿರಿಮಗಳನ್ನು ಕಟ್ಟಿಕೊಂಡವನು ಅವಳ ಮನೆಗೇ ಬಂದು ಇರಬೇಕು, ಇದು ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಅಂದರೆ ಕೇವ್ಮನಿ ಒಪ್ಪಿದರೆ ಅವಳ ಮಗ ಇನ್ನು ಮುಂದೆ ಈ ಮನೆಯವನು. ಹಿರಿಯರನ್ನು ಕಳಿಸಿ ಎರಡು ಸಲ ಕೇಳಿದಾಗಲೂ ಆಗುವುದಿಲ್ಲ ಎಂದಿದ್ದಳು. ಮೂರನೆಯ ಸಲ, "ನಾನೇ ಬಂದು ಅವರ ಮನೆ ಊಟ ಮಾಡ್ತೀನಿ. ಮನಸ್ಸಿಗೆ ಬಂದ್ರೆ ಸರಿ, ಇಲ್ಲಾಂದ್ರೆ ಮಗನ್ನ ಅದೇ ಬಸ್ಸಲ್ಲಿ ಕರ್ಕೊಂಡು ಬರ್ತೀನಿ" ಎಂದು ಹೇಳಿ ಕಳಿಸಿದ್ದಳು. ಬರುವ ದಿನ ಗೊತ್ತಿದ್ದೂ ಅಕ್ಕಿ ನೆನೆಸದ ಮನೆಯೆಂದರೆ, ಬರಬೇಡ ಎಂದು ಬಾಗಿಲಲ್ಲೇ ಹೇಳಿದ ಹಾಗೆ.

"ನಿಮ್ಮಮ್ಮನಿಗೆ ನೀನೇ ಒಂದು ನೆಪ ಹುಡುಕಿ ಕೊಟ್ಟೆ ನೋಡು," ಎಂದಳು ಮಲಿವನ್. ಅವಳ ಕೈಯಲ್ಲಿ ಪರಂಗಿಕಾಯಿ ಕುಟ್ಟುವ ಒನಕೆಯಿತ್ತು. "ಇದಕ್ಕಿಂತ ನನ್ನ ತಲೆ ಮೇಲೆ ಒಂದು ಹಾಕಿದ್ರೆ ಆಗ್ತಿತ್ತು."

"ಜಗಳ ಆಮೇಲೆ," ಎಂದು ಬುವಾಫನ್ ಜರಡಿ ಎತ್ತಿಕೊಂಡು ಬೀದಿಗಿಳಿದಳು.

ಬಿದಿರ ಕೊಳವೆಯಲ್ಲಿ ಅನ್ನ ಸುಟ್ಟು ಮಾರುವ ಸೀಪೈ ಮನೆಯಲ್ಲಿ ನೆನೆದ ಅಕ್ಕಿ ಇರಲೇಬೇಕು. ಇತ್ತು. ಆದರೆ ಸೀಪೈ ಬಾಯಿ ಸುಮ್ಮನಿರುವುದಲ್ಲ. "ಹೋಟೆಲ್ ನಡೆಸೋಳಿಗೆ ನಾನು ಅಕ್ಕಿ ಕೊಡೋ ಕಾಲ ಬಂತು. ಬೀಗಿತ್ತಿಗೆ ಹೇಳ್ಲಾ, ಅನ್ನ ನಮ್ಮನೇದು ಅಂತ?" ಎಂದು ನಗುತ್ತಲೇ ತನ್ನ ಪಾಲಿನ ಅರ್ಧ ಬಸಿದು ಕೊಟ್ಟಳು. ಅದು ಸಾಲದು. ಸಾರಾಯಿ ಕಾಯಿಸುವ ಮುದುಕಪ್ಪನ ಮನೆಯಿಂದ ಒಂದಿಷ್ಟು, ದರ್ಜಿಯ ಹೆಂಡತಿ ರಾತ್ರಿಯೂಟಕ್ಕೆಂದು ನೆನೆಸಿದ್ದರಿಂದ ಒಂದಿಷ್ಟು. ಒಂದು ಹೊಸ ಅಕ್ಕಿ, ಒಂದು ಹಳೆಯದು, ಮತ್ತೊಂದು ಸಣ್ಣ ಕಾಳಿನ ಘಮಘಮ ಅಕ್ಕಿ. ಎಲ್ಲವನ್ನೂ ಒಂದೇ ಬಿದಿರ ಬುಟ್ಟಿಗೆ ಸುರಿದು ಹಬೆಯ ಮೇಲಿಟ್ಟು ಬುವಾಫನ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅರ್ಧ ಬೆಂದಾಗ ಇಡೀ ಮುದ್ದೆಯನ್ನು ಒಂದೇ ಏಟಿಗೆ ತಿರುವಿ ಹಾಕಿದಳು. ಒಂದು ತುಂಡು ಬೂದಿಗೆ ಬಿತ್ತು.

ಕೇವ್ಮನಿ ಬಂದಾಗ ಅನ್ನವನ್ನು ಇನ್ನೂ ಹಲಗೆಯ ಮೇಲೆ ಹರಡಿ ಆರಿಸುತ್ತಿದ್ದರು. ಸಣಕಲು ಹೆಂಗಸು, ಹಬ್ಬದ ದಿನದ ರೇಷ್ಮೆ ಲುಂಗಿ ಉಟ್ಟಿದ್ದಳು. ಚಪ್ಪಲಿ ಬಿಟ್ಟು ಒಳಬಂದವಳು ಮೊದಲು ಒಲೆಯತ್ತ ನೋಡಿದಳು. ಪಾಕ್ಸಾನ್‌ನಲ್ಲಿ ಅವಳದೂ ಇಂಥದ್ದೇ ಒಂದು ಹೋಟೆಲು. ಒಲೆ ನೋಡಿದರೆ ಮನೆಯ ಜಾತಕ ಗೊತ್ತಾಗುತ್ತದೆ ಅಂಥವರಿಗೆ.

"ಸೊರಗಿದೀಯ," ಎಂದಳು ಮಗನಿಗೆ. ಅವನು ಸೊರಗಿರಲಿಲ್ಲ. ಬಂದ ದಿನಕ್ಕಿಂತ ಹೊಟ್ಟೆ ಮುಂದೆ ಬಂದಿತ್ತು.

ಚಾಪೆಯ ಮೇಲಿನ ಬೆತ್ತದ ಮೇಜಿನ ಸುತ್ತ ನಾಲ್ವರೂ ಕೂತರು. ಉಪ್ಪು ಮೆತ್ತಿ ಕೆಂಡದಲ್ಲಿ ಸುಟ್ಟ ದೊಡ್ಡ ಮೀನು, ಪುದೀನ ಹಾಕಿ ಕೊಚ್ಚಿದ ಬಾತುಮಾಂಸ, ಕುಟ್ಟಿದ ಪರಂಗಿಕಾಯಿ, ಸುಟ್ಟ ಮೆಣಸಿನಕಾಯಿ ಚಟ್ನಿ, ಬಿದಿರುಕಳಲೆಯ ಸಾರು. ಸಾರಿಗೆ ಬುವಾಫನ್ ಉಪ್ಪು ಹಾಕಿ ಮೂರು ವರ್ಷ ಹುಳಿ ಬರಿಸಿದ್ದ ಮೀನಿನ ರಸವನ್ನು ಜಾಡಿಯ ತಳದಿಂದ ತೆಗೆದು ಹಾಕಿದ್ದಳು. ಮಧ್ಯದಲ್ಲಿ ಬಿದಿರಿನ ಅನ್ನದ ಬುಟ್ಟಿ. ಹಿರಿಯಳು ಮೊದಲ ತುತ್ತು ತಿನ್ನುವವರೆಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಬುವಾಫನ್ ಬುಟ್ಟಿಯ ಮುಚ್ಚಳ ತೆಗೆದು ಕೇವ್ಮನಿಯ ಮುಂದಿಟ್ಟಳು. "ಶುರು ಮಾಡಿ, ಅಕ್ಕ."

ಕೇವ್ಮನಿ ಒಂದು ಚಿಟಿಕೆ ಅನ್ನ ಕಿತ್ತು ಬೆರಳ ತುದಿಯಲ್ಲಿ ಉಂಡೆ ಮಾಡಿದಳು. ಬಾಯಿಗೆ ಒಯ್ಯಲಿಲ್ಲ. ಇನ್ನೊಮ್ಮೆ ಹಿಚುಕಿದಳು. ಹೆಬ್ಬೆರಳಿನಿಂದ ಉಂಡೆಯನ್ನು ಒಡೆದು ನೋಡಿದಳು. ಹೊರಗೆ ಯಾರೋ ಗಿರಾಕಿ ಇಣುಕಿದ. ಮಲಿವನ್ ಕೈಯಾಡಿಸಿ ಅವನನ್ನು ಕಳಿಸಿದಳು.

"ಇದು ಎಷ್ಟು ಮನೆ ಅಕ್ಕಿ?" ಎಂದಳು ಕೇವ್ಮನಿ.

ಹಿತ್ತಲ ಕೆಂಡದ ಮೇಲೆ ಇನ್ನೊಂದು ಮೀನಿನ ಕೊಬ್ಬು ಚಟಪಟ ಎನ್ನುತ್ತಿತ್ತು.

"ಒಂದು ಕಾಳು ಕರಗತ್ತೆ, ಪಕ್ಕದ ಕಾಳು ಹಲ್ಲಿಗೆ ಸಿಗೋ ಹಾಗಿದೆ. ಮೂವತ್ತು ವರ್ಷದಿಂದ ಅನ್ನ ಬೇಯಿಸ್ತಿದೀನಿ ತಾಯಿ, ನನ್ನ ಬೆರಳಿಗೆ ಸುಳ್ಳು ಹೇಳೋಕಾಗಲ್ಲ."

"ಮೂರು ಮನೇದು," ಎಂದಳು ಬುವಾಫನ್.

"ನಾನು ಬರೋದು ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಅಕ್ಕಿ ನೆನೆಸಲಿಲ್ಲ." ಕೇವ್ಮನಿ ಉಂಡೆಯನ್ನು ತಟ್ಟೆಯ ಅಂಚಿನಲ್ಲಿಟ್ಟು ಕೈ ಒರೆಸಿಕೊಂಡಳು. ಬುಟ್ಟಿಯ ಬಾಯಿ ತೆರೆದೇ ಇತ್ತು. ಊಟ ಬಿಟ್ಟೇಳುವಾಗ ಅನ್ನದ ಬುಟ್ಟಿ ಮುಚ್ಚದೆ ಎದ್ದರೆ ಆ ಮನೆಯ ಜೋಡಿ ಒಡೆಯುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಲಿವನ್‌ಳ ಕೈ ತಾನಾಗಿಯೇ ಮುಚ್ಚಳದತ್ತ ಹೋಯಿತು. ತಾಯಿ ಕಣ್ಣಲ್ಲೇ ತಡೆದಳು. ಮುಚ್ಚುವುದಾದರೆ ಬಂದವಳೇ ಮುಚ್ಚಬೇಕು.

"ಅಮ್ಮ, ಅದು..." ಸುಲಿಸಕ್ ಬಾಯಿ ತೆರೆದ.

"ನೀನು ಹೋಗಿ ಆ ಇನ್ನೊಂದು ಮೀನು ತಿರುವಿ ಹಾಕು, ಸೀಯುತ್ತೆ," ಎಂದು ಬುವಾಫನ್ ಅವನ ಮಾತನ್ನು ಅಲ್ಲೇ ಕತ್ತರಿಸಿದಳು. ಆಮೇಲೆ ಕೇವ್ಮನಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. "ತಪ್ಪು ನನ್ನದು, ಅಕ್ಕ. ಮೀನು, ಸಾರು ಅಂತ ಓಡಾಡ್ತಾ ನಾನೇ ಮರೆತೆ. ಬೈಯೋದಿದ್ರೆ ನನಗೆ ಬೈರಿ. ಮಕ್ಕಳದೇನೂ ಇಲ್ಲ ಇದರಲ್ಲಿ."

ಮಲಿವನ್ ತಲೆ ತಗ್ಗಿಸಿದಳು. ಸುಲಿಸಕ್ ಏಳಲಿಲ್ಲ. ಇಲ್ಲದ ತಪ್ಪನ್ನು ಹೊತ್ತುಕೊಂಡು ಕೈಮುಗಿದು ಕೂತ ಹೆಂಗಸನ್ನು ನೋಡಿ ಅವನ ಕಿವಿ ಎರಡೂ ಮತ್ತೆ ಕೆಂಪಾದವು.

ಕೇವ್ಮನಿ ಬುವಾಫನ್‌ಳನ್ನು ನೋಡಲಿಲ್ಲ. ಮಗನ ಕಿವಿ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಮೊದಲು ಅವಳಿಗೆ ಸಿಟ್ಟೇ ಬಂತು, ಹೊಡೆಯಬೇಕೆನ್ನುವಷ್ಟು. ಆಮೇಲೆ ಅದಕ್ಕಿಂತ ಕಷ್ಟದ್ದೇನೋ ಬಂತು. ಇಲ್ಲಿ ಜರೆಯಲು ಏನೂ ಸಿಗದಿದ್ದರೆ ಸೋಲುತ್ತೇನೆ ಎಂದು ಬಸ್ಸಿನಲ್ಲಿ ಅಂದುಕೊಂಡು ಬಂದಿದ್ದಳು. ಜರೆಯಲು ಇಷ್ಟು ದೊಡ್ಡದು ಸಿಕ್ಕಿಯೂ ಸೋಲುತ್ತೇನೆಂದು ಅಂದುಕೊಂಡಿರಲಿಲ್ಲ.

"ಇವನಪ್ಪ ಇದ್ದಾಗ," ಎಂದಳು ನಿಧಾನಕ್ಕೆ, "ಬೆಳಗ್ಗೆ ಬಕೆಟ್ಟು ಖಾಲಿ ಇರೋದು. ಮುಂಗೋಪಿ ಮನುಷ್ಯ. ಯಾರು ಮರೆತಿದ್ದು ಅಂತ ಕೂಗಾಡೋನು. ನಾನೂ ಹೀಗೇ ಅಂತಿದ್ದೆ, ತಂಗಿ. ನಾನೇ ಮರೆತೆ ಅಂತ. ಮರೆತ ಈ ಕತ್ತೆ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿತ್ತು."

ತಟ್ಟೆಯ ಅಂಚಿನಲ್ಲಿದ್ದ ಉಂಡೆಯನ್ನು ಎತ್ತಿ ಚಟ್ನಿಗೆ ಒತ್ತಿ ಬಾಯಿಗೆ ಹಾಕಿಕೊಂಡಳು. ಅಗಿದಳು. "ಗಟ್ಟಿ ಇದೆ," ಎಂದಳು. "ಸಾರು ಚೆನ್ನಾಗಿದೆ ಅನ್ಸುತ್ತೆ, ವಾಸನೆ ಬರ್ತಿದೆ. ಹಾಕಿ."

ಊಟ ನಡೆಯಿತು. ಹೆಚ್ಚು ಮಾತಿರಲಿಲ್ಲ. ಸುಲಿಸಕ್ ಏನು ತಿಂದ ಎಂದು ಕೇಳಿದ್ದರೆ ಅವನಿಗೇ ಗೊತ್ತಿರುತ್ತಿರಲಿಲ್ಲ. ಮೀನಿನ ಕೆನ್ನೆಯ ಮಾಂಸವನ್ನು ಬುವಾಫನ್ ಬಿಡಿಸಿ ಕೇವ್ಮನಿಯ ಕಡೆ ಇಟ್ಟಳು, ಕೇವ್ಮನಿ ಅದನ್ನು ಅರ್ಧ ಮಾಡಿ ಮಲಿವನ್‌ಳ ಕಡೆ ತಳ್ಳಿದಳು. ಮುಗಿದ ಮೇಲೆ ಅವಳೇ ಬುಟ್ಟಿಯ ಮುಚ್ಚಳ ಎತ್ತಿಕೊಂಡಳು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಮುಚ್ಚಿ ಅಂಗೈಯಿಂದ ಒತ್ತಿದಳು.

ವಾಪಸ್ ಬಸ್ಸಿಗೆ ಇನ್ನೂ ಸಮಯವಿತ್ತು. ಬುವಾಫನ್ ತಟ್ಟೆ ತೊಳೆದು ಒಳಗೆ ಬಂದಾಗ ಕೇವ್ಮನಿ ಅಡುಗೆಮನೆಯಲ್ಲಿ ರೇಷ್ಮೆ ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಖಾಲಿ ಬಕೆಟ್ಟಿನ ಮುಂದೆ ಕೂತಿದ್ದಳು. ಅಕ್ಕಿ ಚೀಲದ ಬಾಯಿ ಬಿಚ್ಚಿತ್ತು.

"ಅಯ್ಯೋ, ಬಿಡಿ ಅಕ್ಕ, ನೀವ್ಯಾಕೆ?"

"ಗಿರಾಕಿಗಳದ್ದು ನೀನು ಹಾಕ್ಕೋ. ಮನೆಯೋರು ಎಷ್ಟು ಜನ?"

ಬುವಾಫನ್ ಹಿತ್ತಲ ಕಡೆ ತಿರುಗಿದಳು. ಅಲ್ಲಿ ಸುಲಿಸಕ್ ಕೆಂಡಕ್ಕೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು.

"ಮೂರು," ಎಂದಳು.

ಕೇವ್ಮನಿ ಒಂದು ಬೊಗಸೆ ಹಾಕಿದಳು, ಮತ್ತೊಂದು ಹಾಕಿದಳು. ಮೂರನೆಯದಕ್ಕೆ ಚೀಲದೊಳಗೆ ಹೋದ ಕೈ ಸ್ವಲ್ಪ ತಡವಾಗಿ ಹೊರಗೆ ಬಂತು. ಅಕ್ಕಿಯ ಮೇಲೆ ನೀರು ಸುರಿದು, ಕೈಯಾಡಿಸಿ, ತೇಲಿ ಬಂದ ಹೊಟ್ಟನ್ನು ಒಂದೊಂದಾಗಿ ತೆಗೆಯತೊಡಗಿದಳು.