ಚನ್ನವ್ವನ ಎಡಗೈ

ಮಠದ ಅಯ್ಯನವರು ಚನ್ನವ್ವನ ಎಡಗೈಯ ಬೆರಳುಗಳನ್ನು ಎಳೆದು ನೋಡಿದರು. ಮುಷ್ಟಿ ಬಿಚ್ಚಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಹಣೆಗೆ ವಿಭೂತಿ ಬಳಿದಾಗಿತ್ತು. ಅಂಗೈಯಲ್ಲಿ ಲಿಂಗ ಇಡುವುದೊಂದೇ ಬಾಕಿ.

“ಬಿಸಿನೀರ ತಗೊಂಬಾ ಯವ್ವಾ,” ಎಂದು ಚನ್ನವ್ವನ ಮಗಳು ವಿದ್ಯಾವತಿಗೆ ಹೇಳಿದರು.

“ಬಿಡ್ರಿ ಅಯ್ಯನೋರ, ಮುಷ್ಟಿ ಮ್ಯಾಲೇ ಇಟ್ಟು ಅರಿವಿ ಕಟ್ಟಿಬಿಡ್ರಿ,” ಎಂದರು ಗಂಡ ಬಸವಂತರಾಯ ಮಾಸ್ತರರು.

“ಮುಷ್ಟಿ ಮ್ಯಾಲೆ ಲಿಂಗ ಕೂಡತೈತೇನ್ರಿ? ಸಾಲಿ ಹುಡುಗೂರಿಗೆ ಹೇಳಿದಂಗ ನನಗ ಹೇಳಬ್ಯಾಡ್ರಿ.”

ಅಷ್ಟರಲ್ಲಿ ವಿಜಯಪುರದ ದವಾಖಾನೆಯ ಕಲ್ಮೇಶ ಬಂದ. ಮರೆವಿನ ರೋಗಕ್ಕೆ ಹೊಸ ಔಷಧದ ಪ್ರಯೋಗ ನಡೆದಿತ್ತು. ಚನ್ನವ್ವನಿಗೆ ಪ್ರಶ್ನೆ ಕೇಳಿ ಅಂಕ ಹಾಕುತ್ತಿದ್ದವನು ಇವನೇ. ಮಾಸ್ತರರನ್ನು ಬೇವಿನ ನೆರಳಿಗೆ ಕರೆದ.

“ಮಿದುಳಾಗ ರಕ್ತ ಸೋರೇತ್ರಿ ಸರ. ಈ ಔಷಧಕ್ಕ ಕೆಲವರಿಗೆ ಹಂಗಾಗತೈತಿ. ಆದ್ರ ಅದಕ್ಕಿಂತ ಮೊದಲೇ ಅಂಕ ಇಳೀತಾವ. ಅಮ್ಮಾರದು ಸೋಮವಾರನೂ ಮೂವತ್ತಕ್ಕ ಇಪ್ಪತ್ತಾರು! ಇಳದಿದ್ರ ಆವತ್ತೇ ಇಂಜೆಕ್ಷನ್ ನಿಲ್ಲಸ್ತಿದ್ವಿ.”

“ಕಡಿಮಿ ಬಿದ್ರ ಪಟ್ಟಿಯಾಗಿಂದ ಹೆಸರ ತಗೀತೀರಿ ಅಂತ...”

“ಯಾರ ಹೇಳಿದ್ರಿ? ಇದೇನ ಮುಲ್ಕಿ ಪರೀಕ್ಷೆ ಏನ್ರಿ, ಫೇಲ್ ಮಾಡಿ ಹೊರಗ ಹಾಕಾಕ? ಇನ್ನೂ ಹನ್ನೊಂದ ಮಂದಿಗೆ ಇದ ಔಷಧ ನಡದೈತಿ. ಮನ್ಯಾಗ ಏನಾರ ಬ್ಯಾರೆ ಕಂಡಿತ್ತೇನ್ರಿ? ಹೇಳ್ರಿ, ಬರಕೋತೇನಿ.”

“ಏನೂ ಇಲ್ಲ,” ಎಂದರು ಮಾಸ್ತರರು.

*

ಸೋಮವಾರ, ದವಾಖಾನೆಯ ಪಡಸಾಲೆ. ಎರಡು ದಿನದಿಂದ ಚನ್ನವ್ವ ಮಗಳ ಗುರುತು ಹಿಡಿದಿರಲಿಲ್ಲ. ತಲೆನೋವೆಂದು ಗೋಡೆಗೆ ಹಣೆ ಒತ್ತುತ್ತಿದ್ದಳು. ಮಾಸ್ತರರು ಅವಳ ಎಡ ಅಂಗೈ ಬಿಡಿಸಿ ಪೆನ್ನಿನಿಂದ ಉತ್ತರ ಬರೆದರು. ಪ್ರತಿ ಸಲ ಕೇಳುವುದು ಅವೇ ಪ್ರಶ್ನೆ: ಇವತ್ತು ಯಾವ ವಾರ, ನೆನಪಿಡಲು ಹೇಳಿದ ಮೂರು ಪದ ಯಾವುವು. ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಹೀಗೆ ಉತ್ತರ ಬರೆದುಕೊಂಡ ಅಂಗೈಗಳ ಮೇಲೆ ಬೆತ್ತ ಬೀಸಿದ ಮನುಷ್ಯ.

“ಕಾಪಿ ಮಾಡಸ್ತೀರೇನ್ರಿ ಮಾಸ್ತರ?” ಚನ್ನವ್ವ ನಕ್ಕಳು. ಆ ದಿನ ಅವಳು ನೆಟ್ಟಗೆ ಆಡಿದ ಮಾತು ಅದೊಂದೇ.

“ಬಾಯಿ ಮುಚ್ಚ. ಫೇಲಾದ್ರ ಔಷಧ ಕೊಡೂದಿಲ್ಲ. ಕೇಳಿದಾಗ ಮೇಜಿನ ಕೆಳಗ ನೋಡು. ಆಮ್ಯಾಲೆ ಮುಷ್ಟಿ ಗಟ್ಟಿ ಹಿಡಿ. ಯಾರ ಕೇಳಿದ್ರೂ ಬಿಡಬ್ಯಾಡ.”

*

ವಿದ್ಯಾವತಿ ಬಿಸಿನೀರಿನ ಬಟ್ಟೆ ಒತ್ತುತ್ತ ಕುಳಿತಳು. ಕಿರುಬೆರಳು ಬಿಚ್ಚಿತು. ಆಮೇಲೆ ಉಳಿದವು. ಕೈಮುಗಿಯಲು ಬಂದ ಕಲ್ಮೇಶ ಬಗ್ಗಿದವನು ಹಾಗೇ ನಿಂತ.

“ಯಾರ ಬರದಾರಿದು?” ಎಂದರು ಅಯ್ಯನವರು.

ವಿದ್ಯಾವತಿಗೆ ಅಪ್ಪನ ದುಂಡನೆಯ ಅಕ್ಷರ ಗೊತ್ತಿತ್ತು.

ಅಯ್ಯನವರು ವಿಭೂತಿ ಹಚ್ಚಿ ಉಜ್ಜಿದರು. ಹೋಗಲಿಲ್ಲ. ಅದರ ಮೇಲೆಯೇ ಲಿಂಗ ಇಟ್ಟರು. ‘ಎತ್ತು’, ‘ಕೊಡ’, ‘ಬೀಗ’ ಎಂಬ ಪದಗಳು ಮುಚ್ಚಿಹೋದವು. ಹೆಬ್ಬೆರಳಿನ ಬುಡದಲ್ಲಿ ಮಾತ್ರ ನೀಲಿ ಶಾಯಿಯಲ್ಲಿ ‘ಸೋಮವಾರ’ ಎಂದು ಉಳಿದಿತ್ತು.