ಕತ್ತಿನ ಬಂಗಾರ ಉದುರಿಸಿದ ಹುಂಜ

ಕಾಡುಕೋಳಿಗಳನ್ನು ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಡುವ ಆ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕೋಳಿಯಕ್ಕ ಅಂತಲೇ ಕರೆಯುವುದು. ಕೈಗುಣ ಒಳ್ಳೆಯದು, ಮರೆವು ಮಾತ್ರ ಕೇಳಬೇಡಿ. ಆ ವರ್ಷ ಕಾಡಿನ ಮೊಟ್ಟೆಗಳಿಗೆ ಕಾವು ಕೊಡಲು ಅತ್ತೆಯ ನಾಟಿ ಹೇಂಟೆಯನ್ನು ತಂದು ಕೂರಿಸಿದಳು, ಸರಿ. ಮೊಟ್ಟೆಗಳಿಗೆ ಗುರುತು ಹಾಕಬೇಕಿತ್ತಲ್ಲ, ಅದನ್ನೇ ಮರೆತಳು! ಆ ಪುಣ್ಯಾತ್ಗಿತ್ತಿ ಹೇಂಟೆ ಸುಮ್ಮನೆ ಕೂತಿತೇ? ಮೊದಲ ದಿನವೇ ತನ್ನದೂ ಒಂದು ಇಟ್ಟು ಸೇರಿಸಿತು. ಬುಟ್ಟಿಯಲ್ಲಿ ಒಂದು ಹೆಚ್ಚಾಗಿದ್ದು ಇವಳ ಕಣ್ಣಿಗೆ ಬೀಳುವ ಹೊತ್ತಿಗೆ, ಯಾವುದು ಯಾರದ್ದೋ ಆ ದೇವರೇ ಬಲ್ಲ.

ಮರಿಗಳಲ್ಲಿ ಬದುಕಿ ಉಳಿದದ್ದು ಒಂದೇ ಒಂದು ಹುಂಜ. ಬೆಳೆದ ಮೇಲೆ ಕತ್ತಿನ ತುಂಬಾ ಬಂಗಾರದ ಗರಿ, ತಲೆ ಮೇಲೆ ಕೆಂಪು ಜುಟ್ಟು. ಆದರೆ ನಾಟಿ ಹುಂಜವೂ ಹಾಗೇ ಇರುತ್ತದಲ್ಲ! ಇದು ಹೇಂಟೆಯ ಮೊಟ್ಟೆಯದಾಗಿ ಊರಿನ ರಕ್ತವಿದ್ದರೆ ಕಾಡಿಗೆ ಬಿಡುವಂತಿಲ್ಲ, ಸಾಯುವ ತನಕ ಗೂಡೇ ಗತಿ. ಕೇಂದ್ರದ ಡಾಕ್ಟರಮ್ಮನಿಗೆ ಹೇಳಿ ಬೈಸಿಕೊಂಡೂ ಆಗಿತ್ತು. ಒಂದು ವರ್ಷ ಕಾದು ನೋಡೋಣ ಅಂದಿದ್ದರು. ಏನನ್ನು ಕಾಯುವುದು ಅಂತ ಕೇಳಲು ಇವಳಿಗೆ ಬಾಯಿ ಬರಲಿಲ್ಲ.

ಬೇಸಿಗೆ ಮುಗಿಯುತ್ತಿದ್ದಂತೆ ಹುಂಜದ ಬಂಗಾರವೆಲ್ಲ ಉದುರಿತು. ಕತ್ತು ಮೋಟು ಮೋಟಾಗಿ ಕಪ್ಪಾಯಿತು, ಜುಟ್ಟು ಮುದುಡಿತು, ಕೂಗೂ ನಿಂತಿತು. ಮೊದಲೇ ಅನುಮಾನದ ಹುಂಜ, ಈಗ ಕಾಯಿಲೆ ಬೇರೆ! ಬೆಳ್ಳುಳ್ಳಿ ಅರೆದು ತಿನ್ನಿಸು ಅಂದರು ಅತ್ತೆ. ತಿನ್ನಿಸಿದಳು. ಗೂಡಿಗೆಲ್ಲ ವಾಸನೆ ಹತ್ತಿತೇ ಹೊರತು ಒಂದು ಗರಿಯೂ ಹುಟ್ಟಲಿಲ್ಲ. ಇನ್ನು ಇದು ಉಳಿಯುವುದಿಲ್ಲ ಅಂತ ಅವಳಿಗೆ ಅನ್ನ ಸೇರದಾಯಿತು.

ಡಾಕ್ಟರಮ್ಮ ಬಂದು ಹುಂಜವನ್ನು ಕಂಕುಳಲ್ಲಿ ಹಿಡಿದು ಕತ್ತು ನೋಡಿದವರೇ ನಕ್ಕುಬಿಟ್ಟರು.

“ಕಾಯಿಲೆ ಅಲ್ಲ ಕಣೇ, ನಾನು ಕಾಯ್ತಿದ್ದಿದ್ದೇ ಇದನ್ನ. ನಾಟಿ ಹುಂಜ ಗರಿ ಉದುರಿಸಿದ್ರೂ ಮತ್ತೆ ಬಂಗಾರಾನೇ ತೊಡುತ್ತೆ. ವರ್ಷಕ್ಕೊಮ್ಮೆ ಹೀಗೆ ಕತ್ತು ಕಪ್ಪು ಮಾಡ್ಕೊಳ್ಳೋದು ಅಪ್ಪಟ ಕಾಡಿನದು ಮಾತ್ರ.”

ಕೋಳಿಯಕ್ಕ ಕಾಳಿನ ಮೂಟೆ ಮೇಲೆ ಧೊಪ್ಪನೆ ಕೂತಳು. ಅಳುವೋ ನಗುವೋ, ಎರಡೂ ಒಟ್ಟಿಗೇ ಬಂದವು. ವರ್ಷದಿಂದ ಎದೆ ಮೇಲಿದ್ದ ಭಾರ ಇಳಿದು, ಅಬ್ಬಾ, ಉಸಿರೇ ಹಗುರಾಯಿತು. ಅತ್ತೆಗೆ ಮಾತ್ರ ಬೆಳ್ಳುಳ್ಳಿ ದಂಡವಾಯಿತಲ್ಲ ಅಂತ ಸಂಕಟ.

ಹೊಸ ಗರಿ ತುಂಬಿಕೊಂಡ ಮೇಲೆ ಕಾಡಿನಂಚಿನಲ್ಲಿ ಬುಟ್ಟಿಯ ಬಾಯಿ ತೆರೆದಳು. ಹುಂಜ ಒಂದು ಗಳಿಗೆ ನಿಂತಿತು. ಅಭ್ಯಾಸಬಲದಿಂದ ಇವಳ ಕೈ ಕಾಳಿಗಾಗಿ ಮಡಿಲಿಗೆ ಹೋಯಿತು. ಹೋದ ಕೈಯನ್ನು ಅಲ್ಲೇ ಬಿಗಿ ಹಿಡಿದಳು.

“ಈ ಕಡೆ ನೋಡಬೇಡ ಕಣೋ, ಹೋಗು,” ಅಂದಳು.

ಅದು ನೋಡಲಿಲ್ಲ.