ಎಣಿಸದೆ ಬರೆದ ಹತ್ತು

ಲ್ಯಾಬಿನವರು ಡಾಕ್ಟರಿಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು ತಕ್ಕಡಿ. ಮೂವತ್ತು ವರ್ಷದಿಂದ ಮೈಕ್ರೋಸ್ಕೋಪಿಗೆ ಅಂಟಿಕೊಂಡ ಕಣ್ಣು ತಮ್ಮದು, ಒಮ್ಮೆ ಹಾಯಿಸಿದರೆ ತೂಗಿ ಹೇಳಿದಷ್ಟೇ ಖಚಿತ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಡ್ಡಹೆಸರು ಕಿವಿಗೆ ಬಿದ್ದಾಗ ಬೇಜಾರಾಗುವುದಿರಲಿ, ಉಬ್ಬಿಹೋದರು. ಆನೆ ನಡೆದದ್ದೇ ದಾರಿ, ಕೇಳುವವರು ಯಾರು?

ಆದರೆ ಕೆಐ-67 ಪರೀಕ್ಷೆಯಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಕ್ಯಾನ್ಸರ್ ಗಡ್ಡೆಯ ತೆಳು ಚೂರಿಗೆ ಬಣ್ಣ ಹಾಕಿದಾಗ, ಒಂದು ಎರಡಾಗಲು ಹೊರಟಿರುವ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಸುಮ್ಮನಿರುವವು ನೀಲಿಯಾಗಿ ಉಳಿಯುತ್ತವೆ. ಐನೂರನ್ನಾದರೂ ಎಣಿಸಿ, ನೂರಕ್ಕೆ ಎಷ್ಟು ಕಂದು ಎಂದು ಬರೆಯಬೇಕು. ಮಾತ್ರೆ ಸಾಕೋ, ಕೀಮೋ ಬೇಕೋ ಎಂದು ತೀರ್ಮಾನಿಸುವಾಗ ಆ ಅಂಕಿಯನ್ನೂ ನೋಡುತ್ತಾರೆ; ಅದು ಹೆಚ್ಚಿದಷ್ಟೂ ಗಡ್ಡೆ ಬೇಗ ಬೆಳೆಯುತ್ತಿದೆ ಎಂದರ್ಥ.

ಹೊಲಿಗೆ ಕೆಲಸದ ಹೆಂಗಸೊಬ್ಬಳ ಬಯಾಪ್ಸಿ ಬಂದಿತ್ತು. ಊಟದ ಹೊತ್ತು. ಡಾಕ್ಟರು ಇಣುಕಿದರು, ಹತ್ತು ಎಂದು ಬರೆದರು, ಸಹಿ ಜಡಿದು ಎದ್ದರು.

ಮೂರು ವಾರದ ಮೇಲೆ ಹಿರಿಯ ಟೆಕ್ನಿಷಿಯನ್ ಅಕ್ಕ ಬಾಗಿಲಲ್ಲಿ ನಿಂತರು. ತಿಂಗಳ ತಪಾಸಣೆಗೆಂದು ಅದೇ ಚೂರಿದ್ದ ಗಾಜಿನ ಸ್ಲೈಡಿನ ಫೋಟೊ ತೆಗೆದು, ಎಣಿಸಿದ ಒಂದೊಂದು ಕೋಶದ ಮೇಲೂ ಪೆನ್ಸಿಲ್ ಚುಕ್ಕೆ ಇಟ್ಟಿದ್ದರು.

"ಸರ್, ನಂಗೆ ಇಪ್ಪತ್ತೆಂಟು ಬರ್ತಿದೆ."

"ನಂಗೇ ಪಾಠ ಹೇಳೋಕೆ ಬಂದ್ರಾ?"

"ಪಾಠ ಅಲ್ಲ ಸರ್. ಎರಡು ಸಲ ಎಣಿಸ್ದೆ. ನೀವೂ ಒಂದ್ಸಲ ಎಣಿಸಿಬಿಡಿ."

ಬಾಗಿಲು ಹಾಕಿಕೊಂಡು ಎಣಿಸಿದರು. ಇಪ್ಪತ್ತೇಳು. ಅಂದು ಅವರು ನೋಡಿದ್ದು ಚೂರಿನ ಒಂದು ಮೂಲೆ ಮಾತ್ರ. ಕಂದು ಕೋಶಗಳು ಇನ್ನೊಂದು ಬದಿಯಲ್ಲಿ ಗಿಜಿಗುಡುತ್ತಿದ್ದವು. ಹೊರಗೆ ಬಂದು ಅಕ್ಕನ ಮುಖ ನೋಡಲು ನಾಚಿಕೆಯಾಯಿತು.

ತಿದ್ದಿದ ವರದಿಯಲ್ಲಿ 'ಮರುಪರಿಶೀಲನೆಯಲ್ಲಿ ಕಂಡುಬಂದಂತೆ' ಎಂದು ಬರೆದರು. ಎಂಥ ಮರ್ಯಾದಸ್ಥ ಮಾತು! ತಪ್ಪಿಗೆ ಇಸ್ತ್ರಿ ಅಂಗಿ ತೊಡಿಸಿದ ಹಾಗೆ. ಮಾತ್ರೆ ಸಾಕು ಎಂದಿದ್ದ ಕ್ಯಾನ್ಸರ್ ಡಾಕ್ಟರು ಕೀಮೋ ಬರೆದರು. "ನಿಮ್ಮ ಎಚ್ಚರಾನ ಮೆಚ್ಚಬೇಕು ಬಿಡಿ" ಎಂದು ಫೋನಿನಲ್ಲಿ ಹೊಗಳಿದರು. ಇವರು ಹೂಂಗುಟ್ಟಿದರು. ಹಾಗೆ ಹೂಂ ಅಂದದ್ದಕ್ಕೆ ಅವರಿಗೇ ತಮ್ಮ ಮೇಲೆ ಹೇಸಿಗೆಯಾಯಿತು.

ಮರುವಾರ ಆ ಹೊಲಿಗೆಯಾಕೆ ತಂಗಿಯ ಜೊತೆ ಲ್ಯಾಬಿಗೇ ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಯಾರೂ ಏನೂ ಅನ್ನುವ ಮೊದಲೇ ಡಾಕ್ಟರ ಎದೆ ಧಸಕ್ಕೆಂದಿತು. ಆಕೆ ಬಂದದ್ದು ಕೈಮುಗಿಯುವುದಕ್ಕೆ.

"ಕೀಮೋ ಅಂದಾಗ ತುಂಬಾ ಅತ್ತುಬಿಟ್ಟೆ ಸರ್. ಇವಳೇ ಸಮಾಧಾನ ಮಾಡಿದ್ಲು. ಒಂದ್ಸಲ ನೋಡಿದ್ದನ್ನ ಯಾರಕ್ಕಾ ಮತ್ತೆ ನೋಡ್ತಾರೆ, ಪುಣ್ಯಾತ್ಮರು ಅಂದ್ಲು."

ನಕ್ಕು ಕಳಿಸಿಬಿಡಬಹುದಿತ್ತು. ಪಕ್ಕದ ಮೇಜಿನಲ್ಲಿ ಟೆಕ್ನಿಷಿಯನ್ ಅಕ್ಕ ತಲೆ ಎತ್ತದೆ ಸ್ಲೈಡುಗಳಿಗೆ ಚೀಟಿ ಅಂಟಿಸುತ್ತಿದ್ದರು.

"ಮತ್ತೆ ನೋಡಿದ್ದು ನಾನಲ್ಲಮ್ಮಾ, ಇವ್ರು" ಎಂದರು ಡಾಕ್ಟರು. "ಮೊದಲನೇ ಸಲ ನಾನು ಎಣಿಸಿರ್ಲೇ ಇಲ್ಲ. ಅಂದಾಜಲ್ಲಿ ಬರೆದುಬಿಟ್ಟೆ. ನಿಮ್ಮ ಮೂರು ವಾರ ಹಾಳಾಗಿದ್ದು ನನ್ನಿಂದ."

ಆಕೆಯ ಮುಗಿದ ಕೈಗಳು ಕೆಳಗಿಳಿದವು. ಸೆರಗು ಸರಿಮಾಡಿಕೊಂಡು ಕೇಳಿದಳು.

"ಎಣಿಸೋಕೆ ಎಷ್ಟು ಹೊತ್ತು ಬೇಕು ಸರ್?"

"ಇಪ್ಪತ್ತು ನಿಮಿಷ."

ಆಕೆ ತಲೆಯಾಡಿಸಿದಳು. ಟೆಕ್ನಿಷಿಯನ್ ಅಕ್ಕನ ಕಡೆ ತಿರುಗಿ ಕೈಮುಗಿದಳು. ಆಮೇಲೆ ತಂಗಿಯ ತೋಳು ಹಿಡಿದು, ಡಾಕ್ಟರ ಮುಖ ನೋಡದೆ ಹೊರಟುಹೋದಳು.